ಬಿಲ್ಲಿನ ಬಲ ಬೆನ್ನಿನಲ್ಲಿ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿ ಕುವೆಂಪು ಬೆಳೆದ ಊರು. ಏಕಲವ್ಯನ ಕಥೆಯನ್ನು ಅವರು ‘ಬೆರಳ್‌ಗೆ ಕೊರಳ್’ ನಾಟಕವಾಗಿ ಬರೆದರು. ಗುರುದಕ್ಷಿಣೆಗೆ ಹೆಬ್ಬೆರಳು ಕೊಟ್ಟವನ ಕಥೆ ಕೇಳಿದ ಮಕ್ಕಳಿಗೆ ಒಂದು ಪ್ರಶ್ನೆ ಬರುತ್ತದೆ: ‘ಅಜ್ಜಾ, ಬಿಲ್ಲಿನ ಬಲವೆಲ್ಲ ಬೆರಳಲ್ಲೇ ಇದೆಯಾ?’

ಇಲ್ಲ ಮಕ್ಕಳೇ, ಬೆರಳು ಬರೀ ಕೊಕ್ಕೆ. ಇಂದಿನ ಒಲಿಂಪಿಕ್ಸ್ ಬಿಲ್ಲುಗಾರರು ಹೆದೆ ಎಳೆಯುವುದು ತೋರುಬೆರಳು, ನಡುಬೆರಳು, ಉಂಗುರಬೆರಳುಗಳಿಂದ. ಎಳೆದ ಕೈ ಪ್ರತಿ ಸಲವೂ ಗದ್ದದ ಕೆಳಗೆ ಒಂದೇ ಜಾಗದಲ್ಲಿ ನಿಲ್ಲಬೇಕು. ಇದಕ್ಕೆ ‘ಆಂಕರ್’, ಅಂದರೆ ಲಂಗರು ಎನ್ನುತ್ತಾರೆ. ಗುರಿ ಇರುವುದು 70 ಮೀಟರ್ ದೂರದಲ್ಲಿ. ಹತ್ತು ಅಂಕದ ವೃತ್ತದ ಅಗಲ 12.2 ಸೆಂಟಿಮೀಟರ್ ಮಾತ್ರ. ಇಲ್ಲಿ ಕೈ ತುಸು ಸರಿದರೆ ಅಲ್ಲಿ ಬಾಣ ಗೇಣುದ್ದ ತಪ್ಪುತ್ತದೆ.

ತೋಳಿನಿಂದಲೇ ಎಳೆದರೆ ಗುರಿ ನೋಡುವಷ್ಟರಲ್ಲಿ ತೋಳು ಸೋತು, ಕೈ ಮುಂದಕ್ಕೆ ಜಾರುತ್ತದೆ. ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವಿನ ಸ್ನಾಯು ಎಳೆಯುತ್ತಲೇ ಇದ್ದರೆ ಲಂಗರು ಅಲುಗದು. ಬಾಣ ಬಿಡುವ ಕ್ಷಣದಲ್ಲೂ ಆ ಬಿಗಿ ಸಡಿಲಬಾರದು.

ಮನೆಯಲ್ಲೇ ನೋಡಿ. ಬಿಲ್ಲು ಬೇಡ, ಒಂದು ಟವೆಲ್ ಸಾಕು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಮೊಣಕೈಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಅಜ್ಜಿ ನಿಮ್ಮ ಬೆನ್ನ ಮೇಲೆ ಅಂಗೈ ಇಡಲಿ. ಸ್ನಾಯು ಬಿಗಿಯಾದದ್ದು ಅವರ ಕೈಗೆ ತಿಳಿಯುತ್ತದೆ. ಆಮೇಲೆ ಅಜ್ಜಿಯ ಸರದಿ!

ಹುಟ್ಟಿನಿಂದಲೇ ತೋಳುಗಳಿಲ್ಲದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆಯುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ರಾಕೇಶ್ ಕುಮಾರ್ ಜೊತೆಗೂಡಿ ಕಂಚಿನ ಪದಕ ಗೆದ್ದರು. ಬಲ ಬೆರಳಲ್ಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?