ಎರಡು ನಾದಸ್ವರ, ಒಂದು ಹಾಡು: ಆರಿಸೋರು ಯಾರು?

ಮಳವಳ್ಳಿ: ಲಗ್ನದ ತಿಂಗಳು ಬಂತೆಂದರೆ ಬೆಳಗಿನ ಮೊದಲ ಬಸ್ಸುಗಳಲ್ಲಿ ಉದ್ದನೆಯ ಚೀಲ ಹಿಡಿದ ಇಬ್ಬರು, ಡೋಲು ಹೊತ್ತ ಇನ್ನೊಬ್ಬರು ಇಳಿಯುವುದು ಮಾಮೂಲಿ. ಯಾರು ಅಂತ ಕೇಳಬೇಕಾಗಿಲ್ಲ, ವಾಲಗದವರು. ಛತ್ರ ಸೇರುವುದರೊಳಗೆ ಅವರ ನಡುವೆ ಒಂದು ಮಾತು ತೀರ್ಮಾನ ಆಗಬೇಕು. ಇವತ್ತು ಯಾವುದು ನುಡಿಸೋಣ?

ಕೇಳುವವರಿಗೆ ಇದು ಸಣ್ಣ ಮಾತು. ಊದುವವರಿಗೆ ಹಾಗಲ್ಲ. ಕಲಿತ ವಿದ್ಯೆ ಕೈಯಲ್ಲಿ ಉಳಿಯುತ್ತೋ, ಜಾರುತ್ತೋ ಅನ್ನೋದು ಈ ಮಾತಿನ ಮೇಲೇ ನಿಂತಿದೆ.

ಇಬ್ಬರಿಗೂ ಬರಬೇಕು

ಒಬ್ಬನೇ ಊದುವಾಗ ನಡೆದದ್ದೇ ದಾರಿ. ಜೋಡಿಯಾದರೆ ಹಾಗಾಗದು. ನಾದಸ್ವರಕ್ಕೆ ಬೆರಳಾಡಿಸುವ ತೂತು ಏಳೇ. ಮಿಕ್ಕ ಸ್ವರ, ಗಮಕವೆಲ್ಲ ತುಟಿ ಮತ್ತು ಉಸಿರಿನ ಹಿಡಿತದಲ್ಲೇ ಹೊರಡಬೇಕು. ಬಾಯಿಗಿಡುವ ಸೀವಾಳಿ ಒಣಗಿದರೆ ಒಂದು ನಾದ, ನೆನೆದರೆ ಇನ್ನೊಂದು. ಎರಡರ ಶ್ರುತಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಚಪ್ಪರದ ಹೊರಗೆ ಚಪ್ಪಲಿ ಬಿಡುವವನಿಗೂ ಗೊತ್ತಾಗಿಬಿಡುತ್ತದೆ!

ಅದು ಸರಿಹೋದ ಮೇಲೆ ಪಾಠದ ತಕರಾರು. ಬೇರೆ ಬೇರೆ ಗುರುಗಳಲ್ಲಿ ಕಲಿತವರಾದರೆ ಒಂದೇ ಕೀರ್ತನೆಯ ಸಂಗತಿಗಳು ಬೇರೆ ಬೇರೆ. ಒಬ್ಬ ಮೇಲಕ್ಕೆ ಹೋಗುವ ಕಡೆ ಇನ್ನೊಬ್ಬ ಕೆಳಕ್ಕೆ ಇಳಿಯುತ್ತಾನೆ. ಆದ್ದರಿಂದ ದೊಡ್ಡ ಕೀರ್ತನೆಗಿಂತ ಇಬ್ಬರಿಗೂ ಒಂದೇ ರೀತಿ ಪಾಠವಾದ ಕೀರ್ತನೆಯೇ ಜೋಡಿಗೆ ಲೇಸು.

ಹಂಸಧ್ವನಿಯ 'ವಾತಾಪಿ ಗಣಪತಿಂ' ಮೊದಲು ಬರುವುದು ವಿಘ್ನೇಶ್ವರನ ಮೇಲಿನ ಭಕ್ತಿಗಷ್ಟೇ ಅಲ್ಲ. ದೀಕ್ಷಿತರ ಈ ಕೃತಿಯನ್ನು ಪಾಠ ಮಾಡಿಕೊಳ್ಳದವರು ಕಮ್ಮಿ. ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ 'ರಘುವಂಶ ಸುಧಾ' ಕೂಡ ಹಾಗೆಯೇ. ಕದನಕುತೂಹಲ ರಾಗ, ಸ್ವರಗಳು ಬಿಡಿಬಿಡಿಯಾಗಿ ಹಾರುತ್ತವೆ, ಇಬ್ಬರೂ ಕೂಡಿ ಊದಿದರೆ ಕಳೆ ಕಟ್ಟುತ್ತದೆ. ಅದೇ ಅಯ್ಯರ್ ಅವರ ಶಿಷ್ಯರು ನಮ್ಮ ಮೈಸೂರು ವಾಸುದೇವಾಚಾರ್ಯರು (1865-1961). ಅವರ ಖಮಾಚಿನ 'ಬ್ರೋಚೇವಾರೆವರುರಾ' ಮದುವೆ ಮನೆಗೆ ಹೇಳಿ ಮಾಡಿಸಿದ್ದು. ತೋಡಿ, ಸಹಾನದಂಥ ಗಮಕ ತುಂಬಿದ ರಾಗವಾದರೆ ಮನೆಯಲ್ಲಿ ಕೂತು ಅಭ್ಯಾಸ ಮಾಡಿಯೇ ಬರಬೇಕು.

ಆಲಾಪನೆಯಲ್ಲಿ ಒಬ್ಬ ರಾಗ ಬೆಳೆಸಿದರೆ ಇನ್ನೊಬ್ಬ ಶ್ರುತಿ ಹಿಡಿದು ನಿಲ್ಲಬೇಕು. ಕೀರ್ತನೆಗೆ ಇಬ್ಬರೂ ಕೂಡಬೇಕು. ಸ್ವರಕ್ಕೆ ಸರದಿ.

ಒಂದೇ ಮನೆ, ಒಂದೇ ಪಾಠ ಅಂದರೆ ಈ ಕೆಲಸ ಅರ್ಧ ಮುಗಿದ ಹಾಗೆ. ಮೈಸೂರಿನ ಪಿಟೀಲು ಸಹೋದರರಾದ ನಾಗರಾಜ್, ಮಂಜುನಾಥ್ ಇಬ್ಬರಿಗೂ ತಂದೆ ಮಹದೇವಪ್ಪನವರೇ ಗುರು. ನಾದಸ್ವರದಲ್ಲಿ ಶೇಖ್ ಮಹಬೂಬ್ ಸುಬಾನಿ, ಕಲೀಶಾಬಿ ಗಂಡ ಹೆಂಡತಿ. 2020ರಲ್ಲಿ ಇಬ್ಬರಿಗೂ ಜೊತೆಯಲ್ಲೇ ಪದ್ಮಶ್ರೀ ಬಂತು.

ಪಿಯಾನೊಗೂ ಇದೇ ಪಾಡು

ಇದು ವಾಲಗದ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಯೂರೋಪಿನವರು ಒಂದೇ ಪಿಯಾನೊ ಮುಂದೆ ಇಬ್ಬರು ಕೂತು ನಾಲ್ಕು ಕೈಯಲ್ಲಿ ನುಡಿಸುತ್ತಾರೆ. ಒಬ್ಬರಿಗೆ ಮೇಲಿನ ಸ್ವರ, ಇನ್ನೊಬ್ಬರಿಗೆ ಕೆಳಗಿನದು. ಕೈಗೆ ಕೈ ತಾಗಬಾರದು, ಒಬ್ಬರದೇ ಮೆರೆದಾಟವಾಗಿ ಇನ್ನೊಬ್ಬರು ಬರೀ ತಾಳ ಕುಟ್ಟುವಂತಾಗಬಾರದು. ಮೊಜಾರ್ಟ್ 1781ರಲ್ಲಿ ಎರಡು ಪಿಯಾನೊಗೆಂದು ಒಂದು ಸೊನಾಟ ಬರೆದ; ಅದರಲ್ಲಿ ಇಬ್ಬರಿಗೂ ಸರಿಸಮ ಪಾಲು. ಶೂಬರ್ಟ್ 1828ರಲ್ಲಿ ಬರೆದದ್ದು ಒಂದೇ ಪಿಯಾನೊಗೆ, ನಾಲ್ಕು ಕೈಗೆ.

ಈ ವಿದ್ಯೆಗೆ ನಮ್ಮ ಪಕ್ಕದ ಮೈಸೂರಿನ ನಂಟೂ ಉಂಟು. ಸ್ವತಃ ಪಿಯಾನೊ ಬಲ್ಲವರಾಗಿದ್ದ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ರಷ್ಯದ ಮೆಟ್ನರ್ ಎಂಬ ಸಂಗೀತಗಾರರಿಗೆ ಹಣ ಕೊಟ್ಟು ಲಂಡನ್ನಿನಲ್ಲಿ ಅವರ ಸಂಗೀತದ ರೆಕಾರ್ಡು ಮಾಡಿಸಿದರು. ಆ ಮೆಟ್ನರ್ ಎರಡು ಪಿಯಾನೊಗೆಂದೇ ಬರೆದದ್ದರಲ್ಲಿ ಒಂದು ರಷ್ಯದ ಹಳ್ಳಿಗರು ಸುತ್ತು ಕಟ್ಟಿ ಕುಣಿಯುವ ಕುಣಿತ. ನಮ್ಮ ಕೋಲಾಟ ನೋಡಿದವರಿಗೆ ಇದು ಬೇಗ ಅರ್ಥವಾದೀತು.

'ಅಣ್ಣಾವ್ರ ಹಾಡು ಬಿಡಿ'

ಈಗ ಛತ್ರಕ್ಕೆ ಬರೋಣ. ಇಬ್ಬರೂ ಕಷ್ಟಪಟ್ಟು ಆರಿಸಿಕೊಂಡು ಬಂದ ಕೀರ್ತನೆಯ ಪಲ್ಲವಿ ಮುಗಿದಿರುವುದಿಲ್ಲ, ಬೀಗರ ಕಡೆಯ ಹುಡುಗನೊಬ್ಬ ಹಾಜರು. 'ಅದೇನ್ ಒಂದೇ ಸಮ ಎಳೀತೀರಿ ಯಜಮಾನ್ರೇ, ಒಂದು ಅಣ್ಣಾವ್ರ ಹಾಡು ಬಿಡಿ' ಅನ್ನುತ್ತಾನೆ. ಅಷ್ಟರಲ್ಲಿ ಪುರೋಹಿತರು ಬೆರಳೆತ್ತುತ್ತಾರೆ. 'ಗಟ್ಟಿಮೇಳ! ಗಟ್ಟಿಮೇಳ!' ಕೀರ್ತನೆ ಅಲ್ಲೇ ನಿಂತಿತು.

ಗಟ್ಟಿಮೇಳಕ್ಕೆ ಯಾರ ಅಡ್ಡಿಯೂ ಇಲ್ಲ. ತಾಳಿ ಕಟ್ಟುವ ಹೊತ್ತಿನಲ್ಲಿ ಅಪಶಬ್ದ ಯಾರ ಕಿವಿಗೂ ಬೀಳಬಾರದೆಂದು ಹಿರಿಯರು ಮಾಡಿದ ಏರ್ಪಾಡು ಅದು. ಸಿನಿಮಾ ಹಾಡೂ ಪಾಪವಲ್ಲ. 1992ರ 'ಜೀವನ ಚೈತ್ರ'ದಲ್ಲಿ ರಾಜ್‌ಕುಮಾರ್ ಹಾಡಿದ 'ನಾದಮಯ' ಶಾಸ್ತ್ರೀಯ ರಾಗದ ಮೇಲೇ ಕಟ್ಟಿದ್ದು. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಅದಕ್ಕೇ.

ತೊಂದರೆ ಬೇರೆ ಇದೆ. ಬರೀ ಸಿನಿಮಾ ಹಾಡೇ ಸಾಕಾದರೆ ಇಬ್ಬರು ಯಾಕೆ ಬೇಕು? ಒಬ್ಬನೇ ಊದಬಹುದು, ಶ್ರುತಿಗೆ ಕರೆಂಟಿನ ಪೆಟ್ಟಿಗೆ ಇದ್ದೇ ಇದೆ. ಅದೂ ಬೇಡವೆಂದರೆ ಮೊಬೈಲು, ಸ್ಪೀಕರು. ವರ್ಷಗಟ್ಟಲೆ ಕಲಿತ ಆಲಾಪನೆ, ಸ್ವರ ಕೇಳುವವರಿಲ್ಲದೆ ಕೈಬಿಟ್ಟುಹೋಗುತ್ತದೆ. ಎರಡನೆಯವನ ಕೂಲಿ ಹೋಗುತ್ತದೆ. ಅಪ್ಪನ ಜೊತೆ ಎರಡನೆಯ ನಾದಸ್ವರ ಹಿಡಿದೇ ಮಗ ಕಲಿಯುತ್ತಿದ್ದ. ಆ ಜಾಗವೇ ಇಲ್ಲದಿದ್ದರೆ ಅವನು ಕಲಿಯುವುದೆಲ್ಲಿ? ನಮ್ಮ ನಾಡಿನಲ್ಲಿ ಸವಿತಾ ಸಮಾಜದ ಎಷ್ಟೋ ಮನೆಗಳು ತಲೆಮಾರಿನಿಂದ ಕಾಪಾಡಿಕೊಂಡು ಬಂದ ವಿದ್ಯೆ ಇದು. ಶುಭಕಾರ್ಯಕ್ಕೆ ಮೊದಲು ಬೇಕಾದವರನ್ನು ಊಟದ ಪಂಕ್ತಿಯಲ್ಲಿ ಕೊನೆಗೆ ಕೂರಿಸುವ ಮನೆಗಳೂ ಇದ್ದವು ಅನ್ನೋದನ್ನು ಮರೆಯಬಾರದು.

ಮದುವೆ ಮನೆಯವರ ಕೈಲಿದೆ

ಹಾಗಾದರೆ ಮಾಡೋದೇನು? ದೊಡ್ಡ ಖರ್ಚಿನ ಮಾತಲ್ಲ. ವೀಳ್ಯ ಕೊಡುವ ದಿನವೇ ನಿಮಗೆ ಬೇಕಾದ ಎರಡು ಹಾಡು ಹೇಳಿಬಿಡಿ. ಮಿಕ್ಕದ್ದನ್ನು ಅವರಿಗೇ ಬಿಡಿ. ಧಾರೆಗೆ ಮುಂಚೆ ಜನ ಬಂದು ಕೂರುವ ಹೊತ್ತಿನಲ್ಲಿ ಅರ್ಧ ಗಂಟೆ ಮೈಕು ನಿಲ್ಲಿಸಿ, ಆರಿಸಿದ್ದನ್ನು ಪೂರ್ತಿ ನುಡಿಸಲು ಕೊಡಿ. ಬೆಳಗಿಗೆ ಬಿಲಹರಿಯೋ, ಮಂಗಳಕ್ಕೆ ಮಧ್ಯಮಾವತಿಯೋ, ಅವರಿಗೆ ಗೊತ್ತು.

ಅಡಿಗೆಯವರಿಗೆ ಹತ್ತು ದಿನ ಮುಂಚೆಯೇ ಪಟ್ಟಿ ಕೊಡುತ್ತೀರಿ. ಒಗ್ಗರಣೆ ಹಾಕುವಾಗ ಹೋಗಿ ಸೌಟು ಕಿತ್ತುಕೊಳ್ಳುತ್ತೀರಾ? ಇಲ್ಲ ತಾನೇ. ವಾಲಗದವರಿಗೂ ಅಷ್ಟೇ ಮರ್ಯಾದೆ ಸಾಕು.