ಸಂಬಳ ಏರಿದರೆ ಚಿಂತೆ ಇಳಿಯುತ್ತದೆಯೇ?

ಪುಣೆಯ ನಿಗಡಿ, ಆಕುರ್ಡಿ, ಚಿಂಚವಾಡದ ಕಾರ್ಖಾನೆಗಳನ್ನು ನಂಬಿ ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ದುಡ್ಡಿನ ಮಾತು ಬಂದಾಗ ಈ ಮೂರು ನಂಬಿಕೆಗಳು ಇಣುಕದೆ ಇರುವುದಿಲ್ಲ.

ತಪ್ಪು ಕಲ್ಪನೆ: ಸಂಬಳ ಹೆಚ್ಚಿದರೆ ನೆಮ್ಮದಿ ತಾನಾಗಿ ಬರುತ್ತದೆ.

ಸತ್ಯ: ಅರ್ಧ ನಿಜ. ಒಂದು ಮಟ್ಟ ದಾಟಿದ ಮೇಲೆ ಆದಾಯದಿಂದ ದಿನನಿತ್ಯದ ಖುಷಿ ಹೆಚ್ಚುವುದಿಲ್ಲ ಎಂದು 2010ರಲ್ಲಿ ಸಂಶೋಧಕರಾದ ಡೇನಿಯಲ್ ಕಾನಮನ್ ಮತ್ತು ಆಂಗಸ್ ಡೀಟನ್ ಹೇಳಿದ್ದರು. 2023ರಲ್ಲಿ ಕಾನಮನ್ ಅವರೇ ಇತರರೊಡನೆ ಕೂಡಿ ಆ ಮಾತನ್ನು ತಿದ್ದಿದರು: ಬಹುಪಾಲು ಜನರಲ್ಲಿ ಖುಷಿ ಏರುತ್ತಲೇ ಹೋಗುತ್ತದೆ. ಆದರೆ ಬ್ರಿಟನ್ನಿನ 585 ಬ್ಯಾಂಕ್ ಗ್ರಾಹಕರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಆದಾಯ, ಹೂಡಿಕೆ, ಸಾಲ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ಬೇಕೆಂದಾಗ ಕೈಗೆ ಸಿಗುವ ಹಣ ಹೆಚ್ಚಿದ್ದವರು ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರು.

ಅರವತ್ತು ಸಾವಿರ ಸಂಬಳ ಇದೆ ಎನ್ನಿ. ಫ್ಲ್ಯಾಟಿನ ಕಂತು, ಬೈಕಿನ ಕಂತು, ಸೊಸೈಟಿ ಸಾಲದ ಕಡಿತ ಹೋಗಿ ಕೈಗೆ ಹತ್ತು ಸಾವಿರ. ಪಕ್ಕದ ಮನೆಯಲ್ಲಿ ಮೂವತ್ತು ಸಾವಿರ ಸಂಬಳ, ಸಾಲವಿಲ್ಲ, ಖಾತೆಯಲ್ಲಿ ಮೂರು ತಿಂಗಳ ಖರ್ಚು. ಊರಿನಿಂದ ಅಮ್ಮನ ಆಪರೇಶನ್ ಎಂದು ಫೋನ್ ಬಂದ ರಾತ್ರಿ ಯಾರಿಗೆ ನಿದ್ದೆ ಬಂದೀತು? ಸಂಬಳದ ದಿನವೇ ಒಂದಿಷ್ಟು ತೆಗೆದಿಡುವ ರೂಢಿ ಇದ್ದವರು ಬೋನಸ್ ಬರಲೆಂದು ಕಾಯುವುದಿಲ್ಲ.

ತಪ್ಪು ಕಲ್ಪನೆ: ಧೈರ್ಯ ಮಾಡಿದವರಿಗೇ ದುಡ್ಡು.

ಸತ್ಯ: ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಬಿಡಿ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಧೈರ್ಯಕ್ಕೇನೂ ಕೊರತೆ ಇರಲಿಲ್ಲ! ಧೈರ್ಯ ಬೇಕಾದದ್ದು ಬೇರೆ ಕಡೆ: ಸಾಲ ಕೇಳಿದ ಭಾವನಿಗೆ ಇಲ್ಲ ಎನ್ನಲು, ಏಜೆಂಟ್ ಚಾಚಿದ ಅರ್ಜಿಗೆ ಓದದೆ ಸಹಿ ಹಾಕದಿರಲು.

ತಪ್ಪು ಕಲ್ಪನೆ: ಪತಸಂಸ್ಥೆಯೂ ಬ್ಯಾಂಕೇ, ದುಡ್ಡಿಗೆ ಭಯವಿಲ್ಲ.

ಸತ್ಯ: ಭಯ ಇದೆ. ಪತಸಂಸ್ಥೆ ಎಂದರೆ ನಮ್ಮ ಕಡೆಯ ಪತ್ತಿನ ಸಹಕಾರ ಸಂಘ. ಬಡ್ಡಿ ತುಸು ಜಾಸ್ತಿ, ಅಧ್ಯಕ್ಷರು ನಮ್ಮವರೇ ಎಂಬ ಭರವಸೆ ಠೇವಣಿಯನ್ನು ಕಾಯುವುದಿಲ್ಲ. ಬ್ಯಾಂಕೂ ಮುಚ್ಚಬಹುದು: ಪುಣೆಯ ರೂಪಿ ಸಹಕಾರಿ ಬ್ಯಾಂಕಿನ ಪರವಾನಗಿಯನ್ನು 2022ರಲ್ಲಿ ರಿಸರ್ವ್ ಬ್ಯಾಂಕ್ ರದ್ದುಮಾಡಿತು. ಅದು ಬ್ಯಾಂಕಾಗಿದ್ದರಿಂದ ಠೇವಣಿದಾರರಿಗೆ ವಿಮೆಯ ಆಸರೆ ಇತ್ತು. 2020ರ ಫೆಬ್ರುವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ ಐದು ಲಕ್ಷ ರೂಪಾಯಿವರೆಗೆ ಈ ವಿಮೆ ಇದೆ. ಪತಸಂಸ್ಥೆಗೆ ಅದು ಅನ್ವಯಿಸುವುದಿಲ್ಲ. ಗೆಳತಿಯರ ನಡುವಿನ ಭಿಶಿ ಎಂಬ ಚೀಟಿಗಂತೂ ಬಾಯಿಮಾತೇ ಆಧಾರ.

ಮುಂದಿನ ಸಲ ಠೇವಣಿ ಇಡುವ ಮುನ್ನ ಕೌಂಟರಿನಲ್ಲಿ ಬಡ್ಡಿ ಎಷ್ಟು ಎಂದು ಕೇಳುವ ಮೊದಲೇ, ಇದಕ್ಕೆ ಠೇವಣಿ ವಿಮೆ ಇದೆಯೇ ಎಂದು ಕೇಳಿ.