ಬಲೆಯೊಳಗೊಂದು ಮನೆ

ತರಗತಿಯಲ್ಲಿ ಕೀಟಾಹಾರಿ ಸಸ್ಯಗಳ ಪಾಠ ನಡೆದಿತ್ತು. ಹುಡುಗಿಯೊಬ್ಬಳು ಎದ್ದು, "ಟೀಚರ್, ಆ ಗಿಡದೊಳಗೆ ಹೋದ ಯಾವ ಹುಳವೂ ಬದುಕೋದೇ ಇಲ್ವಾ?" ಎಂದು ಕೇಳಿದಳು. ಬದುಕುವುದು ಮಾತ್ರವಲ್ಲ, ಅಲ್ಲೇ ಸಂಸಾರ ಹೂಡುವ ಹುಳವೂ ಇದೆ ಎಂದಾಗ ಮಕ್ಕಳೆಲ್ಲ ನಕ್ಕರು.

ತುರುವನೂರಿನಂತಹ ಒಣಭೂಮಿಯಲ್ಲಿ ಹೂಜಿ ಗಿಡ ಬೆಳೆಯುವುದಿಲ್ಲ. ಭಾರತದಲ್ಲಿ ಅದು ಸಹಜವಾಗಿ ಬೆಳೆಯುವುದು ಮೇಘಾಲಯದ ಕಡೆ. ಅಂಟುಹನಿಗಳಿಂದ ಹುಳ ಹಿಡಿಯುವ ಡ್ರಾಸೆರಾ ಎಂಬ ಪುಟ್ಟ ಗಿಡವಾದರೆ ಕರ್ನಾಟಕದ ತೇವದ ನೆಲದಲ್ಲೂ ಇದೆ. ನಾನು ಹೇಳಹೊರಟ ಪತಂಗದ ಊರು ಮಾತ್ರ ದೂರ, ಅಮೆರಿಕ. ಹೆಸರು ಎಕ್ಸೈರಾ. ಅದರಲ್ಲಿ ಮೂರು ಜಾತಿಗಳಿವೆ.

ಅಲ್ಲಿನ ಜವುಗು ನೆಲದಲ್ಲಿ ಸಾರವಿಲ್ಲ. ಅದಕ್ಕೇ ಸಾರಸೀನಿಯಾ ಎಂಬ ಹೂಜಿ ಗಿಡ ಹುಳ ಹಿಡಿದು ಹೊಟ್ಟೆ ಹೊರೆಯುತ್ತದೆ. ಅಂಚಿನಲ್ಲಿ ಸಿಹಿ ರಸ, ಒಳಗೆ ಜಾರುವ ಗೋಡೆ, ಕೆಳಮುಖ ರೋಮಗಳು. ಬಿದ್ದ ಹುಳ ಮೇಲೆ ಬರಲಾರದು. ಆದರೆ ಎಕ್ಸೈರಾ ಪತಂಗ ಅದೇ ಗೋಡೆಯ ಮೇಲೆ ತಲೆ ಮೇಲೆ ಮಾಡಿ ನಿಶ್ಚಿಂತೆಯಿಂದ ಕೂರುತ್ತದೆ! ಮೊಟ್ಟೆ ಇಡುವುದೂ ಅಲ್ಲೇ. ಕಂಬಳಿಹುಳು ಹೂಜಿಯ ಬಾಯಿಗೆ ರೇಷ್ಮೆಯ ಪರದೆ ನೇಯ್ದು, ಒಳಗೋಡೆಯನ್ನು ಕೆರೆದು ತಿಂದು ಬೆಳೆಯುತ್ತದೆ. ಚಳಿಗಾಲ ಕಳೆಯುವುದೂ ಹೂಜಿಯಲ್ಲೇ. ಈ ಗಿಡ ಬಿಟ್ಟರೆ ಅದಕ್ಕೆ ಬೇರೆ ಆಸರೆಯಿಲ್ಲ.

ಆ ಆಸರೆಯೇ ಈಗ ಕುಸಿಯುತ್ತಿದೆ. ಜವುಗಿನ ನೀರು ಬಸಿದು ತೋಪು ಬೆಳೆಸಿದರು, ಊರು ಕಟ್ಟಿದರು. ಮೆಕ್ಸಿಕೋ ಕೊಲ್ಲಿಯ ತೀರದಲ್ಲಿ ಇಂತಹ ನೆಲದ ಶೇ. 97ರಷ್ಟು ಹಾಳಾಗಿದೆಯೆಂದು 1982ರಲ್ಲೇ ಅಂದಾಜಿಸಲಾಗಿತ್ತು. ಸಿಡಿಲಿನಿಂದ ಆಗಾಗ ಬೀಳುತ್ತಿದ್ದ ಬೆಂಕಿಯನ್ನೂ ಜನ ತಡೆದರು. ಪೊದೆಗಳು ಎತ್ತರಕ್ಕೆ ಬೆಳೆದು ಹೂಜಿ ಗಿಡಕ್ಕೆ ಬಿಸಿಲು ಸಿಗದಾಯಿತು. ಹೀಗಾಗಿ ಗಿಡ ಉಳಿಸಲು ಈಗ ಬೇಕೆಂದೇ ಬೆಂಕಿ ಹಾಕುತ್ತಾರೆ. ಆದರೆ ಎಲ್ಲವನ್ನೂ ಒಮ್ಮೆಲೇ ಸುಟ್ಟರೆ? ಗಿಡ ಬೇರಿನಿಂದ ಮತ್ತೆ ಚಿಗುರುತ್ತದೆ, ಒಳಗಿದ್ದ ಹುಳ ಸತ್ತೇ ಹೋಗುತ್ತದೆ. ಅದಕ್ಕಾಗಿ ತಿಳಿದವರು ತುಂಡು ತುಂಡಾಗಿ ಸುಡಲು ಹೇಳುತ್ತಾರೆ. ಈ ವರ್ಷ ಒಂದು ಪಾಲು ಸುಟ್ಟರೆ ಉಳಿದ ಪಾಲಿನ ಪತಂಗಗಳು ಬಂದು ಅಲ್ಲಿ ಮತ್ತೆ ನೆಲೆಸುತ್ತವೆ.

ಸೋದರಿಯರೇ, ಸುಗ್ಗಿ ಮುಗಿದ ಮೇಲೆ ನಾವೂ ಬದುವಿನ ಹುಲ್ಲಿಗೆ, ಹಿತ್ತಲ ತರಗೆಲೆಗೆ ಬೆಂಕಿ ಇಡುತ್ತೇವೆ. ಚೊಕ್ಕಟವಾಯಿತು ಎಂದು ಸಮಾಧಾನಪಡುತ್ತೇವೆ. ಆ ಎಲೆಗಳ ಅಡಿಯಲ್ಲೂ ಅದೆಷ್ಟೋ ಪತಂಗಗಳ ಗೂಡಿರುತ್ತದೆ. ಹಿತ್ತಲು ಗುಡಿಸೋಣ, ಬೇಡವೆನ್ನುವುದಿಲ್ಲ. ಬೇಲಿಯ ಒಂದು ಮೂಲೆಯನ್ನು ಮಾತ್ರ ಹಾಗೇ ಬಿಡೋಣ. ನಮಗದು ಕಸ, ಇನ್ನೊಂದು ಜೀವಕ್ಕೆ ಅದೇ ಮನೆ.